ಹದಿನೈದನೇ ನಂಬರಿನ ಐದನೇ ಫೌಲು

“ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟವನ ಕೈಯಾಗ ಪೆನ್ನು ಕೊಟ್ರ ಹಿಂಗ ಆಗತೈತಿ ನೋಡ್ರಿ! ಬೆರಳು ಎಣಸಾಕ ಬರಂಗಿಲ್ಲ ಇವನಿಗೆ. ಜೀನ್ಸ್ ಪ್ಯಾಂಟ್ ಕತ್ತರಸೋನು ಬಂದು ಸ್ಕೋರರ್ ಆಗಿ ಕುಂತಾನ!”

ರೆಫರಿ ಚಿದಾನಂದಪ್ಪ ಈ ಮಾತನ್ನು ಮೇಜಿನ ಮೇಲಿದ್ದ ಮೈಕಿನಿಂದ ಒಂದು ಗೇಣು ದೂರ ನಿಂತು ಆಡಿದ. ಮೈಕು ಬಂದ್ ಆಗಿದೆ ಅಂದುಕೊಂಡು ಆಡಿದನೋ, ಎಲ್ಲರಿಗೂ ಕೇಳಲಿ ಅಂತಲೇ ಆಡಿದನೋ, ಆಗ ಗೊತ್ತಾಗಲಿಲ್ಲ. ಕಂಟೋನ್ಮೆಂಟಿನ ಆ ಕಾಲೇಜು ಮೈದಾನದ ನಾಲ್ಕೂ ಕಂಬದ ಸ್ಪೀಕರುಗಳಿಂದ ಮಾತು ಹೊರಬಿತ್ತು. ಶಾಮಿಯಾನದಡಿ ಸೋಫಾದಲ್ಲಿ ಕೂತು ಎಳನೀರು ಹೀರುತ್ತಿದ್ದ ಗಣ್ಯರು ಕೇಳಿದರು. ಮೆಟ್ಟಿಲ ಮೇಲೆ ಕೂತ ಕಾಲೇಜು ಹುಡುಗರು ಕೇಳಿದರು, ಅರ್ಧ ಜನ ನಕ್ಕರು. ಬೆವರೊರೆಸಿಕೊಳ್ಳುತ್ತಿದ್ದ ಎರಡೂ ತಂಡದ ಹುಡುಗಿಯರು ಕೇಳಿದರು. ನೀಲಿ ಪೆನ್ನು ಹಿಡಿದು ಮೇಜಿನ ಹಿಂದೆ ಕೂತಿದ್ದ ವಿರೂಪಾಕ್ಷಿಗಂತೂ ಎರಡು ಸಲ ಕೇಳಿಸಿತು. ಒಮ್ಮೆ ಬಾಯಿಂದ, ಒಮ್ಮೆ ಕಂಬದಿಂದ.

ಆಗಿದ್ದು ಇಷ್ಟು. ಹುಡುಗಿಯರ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್. ಒಂದು ಕಡೆ ಆಟ ನಡೆಸುತ್ತಿದ್ದ ಇದೇ ಬಳ್ಳಾರಿ ಕಾಲೇಜು, ಇನ್ನೊಂದು ಕಡೆ ಸಿರುಗುಪ್ಪದ ಕಾಲೇಜು. ಆಟ ಮುಗಿಯಲು ಒಂದು ನಿಮಿಷ ಐವತ್ತು ಸೆಕೆಂಡು ಇತ್ತು. ಸಿರುಗುಪ್ಪ ಐವತ್ತೊಂದು, ಬಳ್ಳಾರಿ ಐವತ್ತು. ಸಿರುಗುಪ್ಪದ ಕ್ಯಾಪ್ಟನ್ ಚೈತ್ರಾ, ರಾರಾವಿ ಹಳ್ಳಿಯ ಹುಡುಗಿ, ಚೆಂಡು ಹಿಡಿದು ಬುಟ್ಟಿಯ ಕಡೆ ನೆಗೆದಳು. ಬಳ್ಳಾರಿಯ ಹದಿನೈದನೇ ನಂಬರಿನ ಗಂಗೋತ್ರಿ ಹಿಂದಿನಿಂದ ಬಂದು ಮೊಣಕೈಯಿಂದ ಅವಳ ಹೆಗಲಿಗೆ ಹೊಡೆದಳು. ಚೈತ್ರಾ ಸಿಮೆಂಟಿನ ಮೇಲೆ ಮೊಣಕಾಲು ಕೆತ್ತಿಕೊಂಡು ಬಿದ್ದಳು.

ಚಿದಾನಂದಪ್ಪನ ಸೀಟಿ ಊದಿತು. ಆಮೇಲೆ ಅವನು ಎಂದಿನಂತೆ ಬಯಲಾಟದ ರಾಜ ರಂಗಕ್ಕೆ ಬರುವ ಹಾಗೆ ಎದೆಯುಬ್ಬಿಸಿಕೊಂಡು ಮೇಜಿನ ಮುಂದೆ ಬಂದು ನಿಂತ. ಬಲಗೈ ಮುಷ್ಟಿ ಕಟ್ಟಿ ಎತ್ತಿದ, ಎಡಗೈಯ ಐದೂ ಬೆರಳು ಬಿಚ್ಚಿದ. ರೆಫರಿಗಳ ಭಾಷೆಯಲ್ಲಿ ಮುಷ್ಟಿ ಎಂದರೆ ಹತ್ತು. ಹತ್ತು ಮತ್ತು ಐದು, ಹದಿನೈದು. ಮೂವತ್ತು ವರ್ಷ ಮಾಡಿದ ಕೆಲಸವನ್ನು ಮೈ ತಾನಾಗಿಯೇ ಮಾಡಿಬಿಟ್ಟಿತ್ತು. ಆ ದಿನ ಆ ಮೈಯಿಂದಾದ ಒಂದೇ ಒಂದು ಪ್ರಾಮಾಣಿಕ ಕೆಲಸ ಅದು.

ವಿರೂಪಾಕ್ಷಿ ಹದಿನೈದನೇ ನಂಬರಿನ ಮುಂದಿದ್ದ ಐದು ಮನೆಗಳಲ್ಲಿ ಕೊನೆಯದನ್ನು ತುಂಬಿದ. ತುಂಬಿ, ಐದನೇ ಫೌಲಿಗೆ ಎತ್ತುವ ಕೆಂಪು ಹಲಗೆಯನ್ನು ಎತ್ತಿ ಹಿಡಿದ. ಐದು ಫೌಲಾದ ಆಟಗಾರ್ತಿ ಹೊರಗೆ ಹೋಗಬೇಕು. ಅಲ್ಲಿ ಕಡಲೆಕಾಯಿ ಮಾರುವವನಿಗೂ ಅಷ್ಟು ಗೊತ್ತಿತ್ತು.

ಹಲಗೆ ಮೇಲೆದ್ದಾಗ ಶಾಮಿಯಾನದಲ್ಲಿ ದೊಡ್ಡಬಸವರಾಜ ಎಳನೀರಿನ ಕಾಯನ್ನು ಕೆಳಗಿಟ್ಟ. ಅವನು ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ, ಗಂಗೋತ್ರಿಯ ತಂದೆ. ಎದ್ದು ನಿಲ್ಲಲೂ ಇಲ್ಲ. ಕಾಯಿ ಕೆಳಗಿಟ್ಟ, ಅಷ್ಟೇ. ಅಷ್ಟಕ್ಕೇ ಚಿದಾನಂದಪ್ಪನ ಕುತ್ತಿಗೆ ಆ ಕಡೆ ತಿರುಗಿತು, ತಿರುಗಿದ್ದು ವಾಪಸು ಬರುವಾಗ ನಂಬರು ಬದಲಾಗಿತ್ತು.

“ಐದು ಅಂತ ತೋರಿಸಿದ್ನೆಲೇ ನಾನು. ಹದಿನೈದು ಯಾಕ ಬರಕೊಂಡಿ?”

“ಸಾರ್, ಐದು ಇದ್ರ ಬಲಗೈ ಬಿಚ್ಚಿ ತೋರಸ್ತೀರಿ. ನೀವು ಬಲಗೈ ಮುಷ್ಟಿ ಮಾಡಿದ್ರಿ, ಬಿಚ್ಚಿದ್ದು ಎಡಗೈ.”

“ಮುಷ್ಟಿಯೊಳಗ ಸೀಟಿ ಹಿಡಕೊಂಡಿದ್ದೆ.”

ಸೀಟಿ ಅವನ ಕೊರಳಲ್ಲಿ ದಾರಕ್ಕೆ ಜೋತಾಡುತ್ತಿತ್ತು, ಎಂಜಲು ಇನ್ನೂ ಆರಿರಲಿಲ್ಲ. ವಿರೂಪಾಕ್ಷಿ ಆ ಸೀಟಿಯನ್ನು ನೋಡಿದ. ಅವನು ನೋಡಿದ್ದನ್ನು ಚಿದಾನಂದಪ್ಪ ನೋಡಿದ. ಆಗ ಬಂತು ಆ ಮೈಕಿನ ಮಾತು.

ಬೇರೆ ದಿನವಾಗಿದ್ದರೆ ವಿರೂಪಾಕ್ಷಿ ಅಲ್ಲೇ ಮೇಜು ಮಗುಚಿ ಎದ್ದು ಬರುತ್ತಿದ್ದ. ಅವನೂರು ಕುರುಗೋಡಿನಲ್ಲಿ ಅವನ ಸಿಟ್ಟು ಗೊತ್ತಿಲ್ಲದವರಿಲ್ಲ. ಆದರೆ ಅವತ್ತು ಅವನ ಅಂಗಿಯ ಜೇಬಿನಲ್ಲಿ ಒಂದು ಅರ್ಜಿ ಮಡಚಿಕೊಂಡು ಕೂತಿತ್ತು. ರಾಜ್ಯ ಮಟ್ಟದ ರೆಫರಿ ಪರೀಕ್ಷೆಯ ಅರ್ಜಿ. ಜಗತ್ತಿನಲ್ಲಿ ಎಲ್ಲ ಅರ್ಜಿಗಳೂ ಮೊದಲು ಕೇಳುವುದು ಎಷ್ಟು ಓದಿದ್ದೀ ಅಂತ. ಇದೊಂದು ಕೇಳಿರಲಿಲ್ಲ. ಎರಡು ವರ್ಷ ಸ್ಕೋರರ್ ಮೇಜಿನ ಕೆಲಸ ಮಾಡಿರಬೇಕು, ಜಿಲ್ಲೆಯ ಹಿರಿಯ ರೆಫರಿ ಒಪ್ಪಿ ಸಹಿ ಹಾಕಿರಬೇಕು, ಅಷ್ಟೇ. ಎರಡು ವರ್ಷ ಆಗಿತ್ತು. ಜಿಲ್ಲೆಯ ಹಿರಿಯ ರೆಫರಿ ಚಿದಾನಂದಪ್ಪನೇ ಆಗಿದ್ದ. ಅರ್ಜಿ ಕಳಿಸಲು ಮಾರನೆಯ ದಿನ ಕೊನೆ.

ಒಂಬತ್ತನೇ ತರಗತಿಯ ಬೇಸಿಗೆ ರಜೆಯಲ್ಲಿ ಬಳ್ಳಾರಿಯ ಜೀನ್ಸ್ ಘಟಕಕ್ಕೆ ನಾಲ್ಕು ವಾರದ ಕೆಲಸ ಅಂತ ಹೋಗಿದ್ದ ವಿರೂಪಾಕ್ಷಿಗೆ ಆ ರಜೆ ಮುಗಿಯಲೇ ಇಲ್ಲ. ಈಗ ವಯಸ್ಸು ಇಪ್ಪತ್ತನಾಲ್ಕು. ಬಟ್ಟೆಯ ನಲವತ್ತು ಪದರ ಒಂದರ ಮೇಲೊಂದು ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಯಂತ್ರದ ಅಲಗಿನಿಂದ ಒಟ್ಟಿಗೇ ಕೊಯ್ಯುವ ಕಟಿಂಗ್ ಮಾಸ್ಟರ್. ಸಂಜೆ ಕಂಟೋನ್ಮೆಂಟಿನ ಮೈದಾನದಲ್ಲಿ ಚೆಂಡು ಹೆಕ್ಕಿ ಕೊಡುತ್ತ ಕೊಡುತ್ತ ಆಟ ಕಲಿತ. ಕಾಲೇಜಿಗೆ ಸೇರದವನಿಗೆ ಕಾಲೇಜು ತಂಡ ಎಲ್ಲಿಯದು? ಹಾಗಾಗಿ ನಿಯಮ ಕಲಿತ. ಇಂಗ್ಲಿಷಿನ ನಿಯಮದ ಪುಸ್ತಕ ಜೆರಾಕ್ಸ್ ಮಾಡಿಸಿ, ಒಂದೊಂದು ಪದಕ್ಕೂ ಫೋನಿನಲ್ಲಿ ಅರ್ಥ ಹುಡುಕಿ, ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡ. ಅವನ ಪ್ರತಿಯಲ್ಲಿ ಅಚ್ಚಾದ ಅಕ್ಷರಕ್ಕಿಂತ ಪೆನ್ನಿನ ಅಕ್ಷರ ಹೆಚ್ಚು. ಚಿದಾನಂದಪ್ಪನ ಮನೆಯಲ್ಲಿ ಅದೇ ಪುಸ್ತಕ ಪ್ಲಾಸ್ಟಿಕ್ ಹೊದಿಕೆ ಸಮೇತ ಶೋಕೇಸಿನಲ್ಲಿದ್ದದ್ದನ್ನು ಅವನು ನೋಡಿದ್ದ. ಹೊದಿಕೆ ಹರಿದಿರಲಿಲ್ಲ.

ಆ ಮನೆಗೆ, ಗಾಂಧಿನಗರಕ್ಕೆ, ಸಹಿಗಾಗಿ ಮೂರು ಸಲ ಹೋಗಿದ್ದ. ಮೊದಲ ಸಲ ಸಾರ್ ಪೂಜೆಯಲ್ಲಿದ್ದರು. ಎರಡನೇ ಸಲ ಚಪ್ಪಲಿ ಬಿಡುವ ಜಾಗದಲ್ಲಿ ಒಂದೂವರೆ ತಾಸು ನಿಲ್ಲಿಸಿ, “ಪೆನ್ನಾಗ ಇಂಕ್ ಇಲ್ಲಪ್ಪಾ” ಅಂದರು. ವಿರೂಪಾಕ್ಷಿ ಪೆನ್ನು ಕೊಡಲು ಹೋದರೆ, “ನಾನು ನಂದ ಪೆನ್ನಾಗ ಸಹಿ ಹಾಕೋನು” ಅಂದರು. ಮೂರನೇ ಸಲ, “ಫೈನಲ್ ಮುಗೀಲಿ, ಮೇಜಿನ ಮ್ಯಾಲೇ ಹಾಕಿ ಕೊಡ್ತೀನಿ” ಅಂದರು. ಅಲ್ಲಿಂದ ಬಂದು ವಿರೂಪಾಕ್ಷಿ ತನ್ನ ಮೇಲೇ ಉಗಿದುಕೊಂಡಿದ್ದ. ಈ ಮನುಷ್ಯನ ಸೀಟಿ ಯಾವ ಕಡೆಗೆ ಊದುತ್ತದೆ ಎಂದು ಎರಡು ವರ್ಷದಿಂದ ಪಕ್ಕದಲ್ಲೇ ಕೂತು ನೋಡಿದವನು ಅವನು. ನೋಡಿ, ಬಾಯಿ ಮುಚ್ಚಿಕೊಂಡು ಬರೆದವನೂ ಅವನೇ.

ಅವತ್ತೂ ಮಧ್ಯಾಹ್ನದಿಂದ ಅದೇ ನಡೆದಿತ್ತು. ಸಿರುಗುಪ್ಪದಿಂದ ಬಸ್ಸಿನಲ್ಲಿ ಬಂದವರು ಏಳೇ ಹುಡುಗಿಯರು. ಪಕ್ಕ ಹಾದರೆ ಫೌಲು, ಕೈ ಎತ್ತಿದರೆ ಫೌಲು. ಆಟದ ನಾಲ್ಕು ಪಾಳಿಗಳಲ್ಲಿ ಮೂರನೆಯದು ಮುಗಿಯುವುದರೊಳಗೆ ಇಬ್ಬರು ಐದೈದು ಫೌಲಾಗಿ ಹೊರಗೆ ಕೂತರು. ಉಳಿದ ಐದೇ ಜನರಲ್ಲಿ ಚೈತ್ರಾಳಿಗೆ ನಾಲ್ಕು. ಇನ್ನೊಂದಾದರೆ ತಂಡದಲ್ಲಿ ನಾಲ್ಕೇ ಜನ. ಫೌಲು ಅಂದರೆ ಎದುರಾಳಿಗೆ ಸಿಗುವ ಎರಡು ಎಸೆತ ಮಾತ್ರ ಅಂತ ಸೋಫಾದ ಮೇಲೆ ಕೂತವರು ತಿಳಿದಿರುತ್ತಾರೆ. ಅದು ಆಟಗಾರ್ತಿಯ ತೋಳಿನೊಳಗೆ ಹೋಗಿ ಕೂರುತ್ತದೆ. ಗಂಗೋತ್ರಿ ಚೆಂಡು ತಟ್ಟಿಕೊಂಡು ಬಂದಾಗಲೆಲ್ಲ ಚೈತ್ರಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದಾರಿ ಬಿಟ್ಟಳು. ತಡೆಯುವುದು ಗೊತ್ತಿದ್ದೂ ತಡೆಯದೆ ನಿಂತಳು. ಗಂಗೋತ್ರಿಯ ಮೊಣಕೈಗೆ ಮಾತ್ರ ಸೀಟಿಯೊಳಗೆ ಧೂಳು ಕೂತಿತ್ತು. ನಾಲ್ಕು ಫೌಲು ಅವಳಿಗೂ ಬಿದ್ದಿದ್ದವು. ಹೊಡೆತದ ಸದ್ದು ಶಾಮಿಯಾನದ ತನಕ ಕೇಳಿದಾಗ ಮಾತ್ರ ಬಿದ್ದಂಥವು.

ಈಗ ಐದನೆಯದು. ಮೈದಾನವೆಲ್ಲ ಮುಷ್ಟಿಯನ್ನು ಕಂಡಿತ್ತು. ಮೆಟ್ಟಿಲಿನಿಂದ ಒಬ್ಬ, “ಏಯ್ ರೆಫರಿ, ಕಂಡ್ಲು ಕನಪಡಲೇದಾ?” ಎಂದು ಕಣ್ಣು ಕಾಣುವುದಿಲ್ಲವೇ ಅಂತ ತೆಲುಗಿನಲ್ಲಿ ಕೂಗಿದ. ಜೊತೆಯ ಇನ್ನೊಬ್ಬ ರೆಫರಿ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ. ಆ ಲೇಸು ಬಿಚ್ಚಿರಲೇ ಇಲ್ಲ. ಸಿರುಗುಪ್ಪದ ತಂಡದ ಜೊತೆ ಬಂದಿದ್ದ ಮೇಷ್ಟ್ರು ಮರಿಬಸಪ್ಪ ಎರಡು ಹೆಜ್ಜೆ ಮುಂದೆ ಬಂದು, “ಸಾರ್, ಅದು ಹದಿನೈದ ಇತ್ತಲ್ರಿ...” ಅಂದರು.

“ಏನ್ರಿ ಮರಿಬಸಪ್ಪ, ಮುಂದಿನ ವರ್ಷ ನಿಮ್ಮ ಟೀಮು ಆಡೋದು ಬ್ಯಾಡೇನು?”

ಮರಿಬಸಪ್ಪ ಮೂರು ಹೆಜ್ಜೆ ಹಿಂದೆ ಹೋದರು. ಬಂದದ್ದಕ್ಕಿಂತ ಒಂದು ಹೆಚ್ಚು.

ಆಟಗಾರ್ತಿಯರಲ್ಲಿ ಬಾಯಿ ತೆರೆದವಳು ಅಂಜನಾ ಒಬ್ಬಳೇ. ಬಳ್ಳಾರಿ ತಂಡದ ಐದನೇ ನಂಬರು ಅವಳದು. “ಸಾರ್, ನಾನು ಸೆಂಟರ್ ಲೈನ್ ಹತ್ರ ನಿಂತಿದ್ದೆ. ಅವಳನ್ನ ಮುಟ್ಟೇ ಇಲ್ಲ.”

“ನಿನ್ನ ಕೇಳಿದ್ನೇನವಾ? ನಿನಗ ಇದು ಎರಡನೇ ಫೌಲು, ಏನೂ ಆಗಂಗಿಲ್ಲ. ಸುಮ್ನ ಆಡು.”

ಚಿದಾನಂದಪ್ಪ ಮೇಜಿನ ಮೇಲೆ ಬಾಗಿದ. “ಹದಿನೈದರದ್ದು ತೆಗಿ. ಐದರ ಮುಂದ ಬರಿ.”

“ತೆಗಿಯೋದಂದ್ರ ಹೆಂಗ್ರಿ ಸಾರ್? ಇಂಕಿನಾಗ ಬರದೀನಿ.”

“ಚನ್ನಬಸವರಾಜ, ಆಫೀಸಿನಾಗ ವೈಟ್ನರ್ ಐತೇನು ನೋಡೋ.”

ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದ ಚನ್ನಬಸವರಾಜ ಅದೇ ಕಾಲೇಜಿನ ಗುಮಾಸ್ತ. ಐದು ತಿಂಗಳಿಂದ ಒಂದು ಸರ್ಟಿಫಿಕೇಟಿಗೆ ಅಲೆದವರನ್ನು ಕೇಳಿದರೆ ಅವನ ನಡಿಗೆ ಗೊತ್ತಾಗುತ್ತದೆ. ಅವತ್ತು ಓಡಿದ. ಓಡಿ ಹೋಗಿ ಓಡಿ ಬಂದ. ಚಿದಾನಂದಪ್ಪ ತನ್ನ ಕೈಯಾರೆ ಕುಂಚ ಅದ್ದಿ ಹದಿನೈದರ ಐದನೇ ಮನೆಯನ್ನು ಬೆಳ್ಳಗೆ ಬಳಿದ. ಆರಲಿ ಅಂತ ತುಟಿ ಮುಂದೆ ಮಾಡಿ ಉಫ್ ಉಫ್ ಎಂದು ಊದಿದ. ಮಧ್ಯಾಹ್ನದಿಂದ ಸೀಟಿ ಊದಿದ ಬಾಯಿ, ಈಗ ಕಾಗದಕ್ಕೆ ಊದುತ್ತಿತ್ತು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು ಎಂದು ಪುಸ್ತಕ ಹೇಳುತ್ತದೆ. ಹೊದಿಕೆಯೊಳಗಿದ್ದ ಪುಸ್ತಕ ಪಾಪ ಅವನಿಗೆ ಹೇಗೆ ಹೇಳೀತು?

ವಿರೂಪಾಕ್ಷಿ ಐದರ ಮುಂದೆ ಬರೆದ. ಜೇಬಿನ ಅರ್ಜಿ ಎದೆಗೆ ಚುಚ್ಚುತ್ತಿತ್ತು. ಬರೆದ.

ಒಂಬತ್ತು ನಿಮಿಷ ಕಾದು ಮೈ ತಣ್ಣಗಾದ ಚೈತ್ರಾ, ಮೊಣಕಾಲಿನ ರಕ್ತ ಕಾಲುಚೀಲಕ್ಕೆ ಇಳಿಯುತ್ತಿರುವಾಗಲೇ ಎರಡು ಎಸೆತ ಎಸೆದಳು. ಒಂದು ಬಿತ್ತು, ಒಂದು ಬೀಳಲಿಲ್ಲ. ಐವತ್ತೆರಡು, ಐವತ್ತು. ಆಮೇಲೆ, ಹೊರಗೆ ಬೆಂಚಿನ ಮೇಲೆ ಕೂತಿರಬೇಕಾದ ಗಂಗೋತ್ರಿ ಎರಡು ಸಲ ಬುಟ್ಟಿಗೆ ಹಾಕಿದಳು. ಎರಡು ಸಲವೂ ಅವಳ ಮುಂದೆ ನಿಂತಿದ್ದು ಬೆನ್ನ ಹಿಂದೆ ಕೈ ಕಟ್ಟಿಕೊಂಡ ಚೈತ್ರಾ. ಕೊನೆಯ ಹನ್ನೊಂದು ಸೆಕೆಂಡಿನಲ್ಲಿ ಚೈತ್ರಾ ಮತ್ತೆ ನುಗ್ಗಿದಳು, ಮತ್ತೆ ಬಿದ್ದಳು. ಸೀಟಿ ಊದಲಿಲ್ಲ. ಬಳ್ಳಾರಿ ಐವತ್ತನಾಲ್ಕು, ಸಿರುಗುಪ್ಪ ಐವತ್ತೆರಡು. ಪಟಾಕಿ ಹಚ್ಚಿದರು. ದೊಡ್ಡಬಸವರಾಜ ಎರಡನೇ ಎಳನೀರು ತರಿಸಿಕೊಂಡ.

ಚಿದಾನಂದಪ್ಪ ಮೇಜಿಗೆ ಬಂದಾಗ ಹೆಗಲ ಮೇಲೆ ಶಾಲು ಆಗಲೇ ಬಿದ್ದಿತ್ತು. ಮುಖದಲ್ಲಿ ಮದುವೆ ಮನೆಯ ಹಿರಿಯನ ಕಳೆ.

“ಸಿಟ್ಟಾಗಬ್ಯಾಡಲೇ ಹುಡುಗಾ. ಆಟದಾಗ ಒಂದು ಮಾತು ಬರತೈತಿ, ಹೋಗತೈತಿ. ತಾ ನಿನ್ನ ಅರ್ಜಿ. ಮೊದಲು ನೀನು ಹಾಳಿಗೆ ಸಹಿ ಮಾಡು, ಆಮ್ಯಾಲೆ ನಾನು ಮಾಡ್ತೀನಿ. ಅದರ ಹಿಂದ ನಿಂದೂ ಹಾಕ್ತೀನಿ. ನಾನು ಮಾತಿಗೆ ತಪ್ಪೋನಲ್ಲ.”

ಆಟದ ಹಾಳೆಗೆ ಮೊದಲು ಸ್ಕೋರರ್ ಸಹಿ ಮಾಡಬೇಕು, ಕೊನೆಗೆ ರೆಫರಿ. ವಿರೂಪಾಕ್ಷಿ ಅರ್ಜಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಬೆವರಿಗೆ ಅದರ ಮಡಿಕೆಗಳು ಮೆತ್ತಗಾಗಿದ್ದವು. ಪೆನ್ನು ಹಿಡಿದು ಹಾಳೆಯ ಮೂಲೆಯನ್ನು ಎಡಗೈಯಿಂದ ಒತ್ತಿಕೊಂಡ. ಬೆರಳಿಗೆ ಒಂದಲ್ಲ, ಮೂರು ಹಾಳೆ ಸಿಕ್ಕವು.

ಅವನ ಕೈ ನಿಂತಿತು.

ಸ್ಕೋರಿನ ಹಾಳೆ ಯಾವತ್ತೂ ಒಂದರ ಕೆಳಗೊಂದು ಮೂರು ಇರುತ್ತದೆ. ಮೇಲೆ ಬಿಳಿ, ಅದು ವಿಶ್ವವಿದ್ಯಾಲಯಕ್ಕೆ. ಕೆಳಗೆ ಗುಲಾಬಿ, ಗೆದ್ದ ತಂಡಕ್ಕೆ. ಅದರ ಕೆಳಗೆ ಹಳದಿ, ಸೋತ ತಂಡಕ್ಕೆ. ಮೇಲೆ ಒತ್ತಿ ಬರೆದದ್ದು ಕೆಳಗಿನ ಎರಡಕ್ಕೂ ತಾನಾಗಿ ಇಳಿಯುತ್ತದೆ. ಬರೆದದ್ದು ಇಳಿಯುತ್ತದೆ, ಬಳಿದದ್ದು ಇಳಿಯುವುದಿಲ್ಲ. ಘಟಕದಲ್ಲಿ ಹೊಸಬರು ಇದೇ ತಪ್ಪು ಮಾಡುತ್ತಾರೆ. ಅಲಗು ಓಡಿದ ಮೇಲೆ ಗೆರೆ ತಪ್ಪಾಯಿತೆಂದು ಮೇಲಿನ ಪದರದ ಸೀಮೆಸುಣ್ಣ ಒರೆಸುತ್ತಾರೆ. ಕೆಳಗಿನ ಮೂವತ್ತೊಂಬತ್ತು ಪದರ ಕೊಯ್ದು ಬಿದ್ದಿರುತ್ತವೆ. ಕುಂಚದಿಂದ ಬಳಿದು ಊದಿ ಊದಿ ಆರಿಸಿದ ಈ ಘನ ವಿದ್ವಾಂಸನಿಗೆ, ಕೆಳಗೆ ಇನ್ನೆರಡು ಹಾಳೆ ಇವೆ ಎಂಬುದು ಮೂವತ್ತು ವರ್ಷದಲ್ಲಿ ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ಹಾಳೆ ಹರಿದು ಕೊಡುವುದು ಸಾಲಿ ಬಿಟ್ಟವರ ಕೆಲಸವಲ್ಲವೇ?

ವಿರೂಪಾಕ್ಷಿ ಸಹಿ ಮಾಡಿದ. ಒತ್ತಿ ಮಾಡಿದ, ಮೂರಕ್ಕೂ ಇಳಿಯುವ ಹಾಗೆ. ಚನ್ನಬಸವರಾಜ ಮಾಡಿದ. ಚಿದಾನಂದಪ್ಪ ತನ್ನದೇ ಪೆನ್ನು ತೆಗೆದ. ಅವತ್ತು ಅದರಲ್ಲಿ ಇಂಕಿತ್ತು. ಹೆಸರಿನ ಕೆಳಗೆ ಎರಡು ಗೆರೆ, ಎರಡು ಚುಕ್ಕೆ ಸಮೇತ ಗಟ್ಟಿಯಾಗಿ ಸಹಿ ಹಾಕಿದ. ಹಾಕಿ, ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು, ಕನ್ನಡಕ ಏರಿಸಿಕೊಂಡು ಸಹಿಯ ಜಾಗ ಹುಡುಕತೊಡಗಿದ.

ಅರ್ಧ ನಿಮಿಷ ತಡೆದಿದ್ದರೆ ಅರ್ಜಿಗೆ ಸಹಿ ಬೀಳುತ್ತಿತ್ತು. ವಿರೂಪಾಕ್ಷಿಗೆ ಅದು ಗೊತ್ತಿತ್ತು. ಆದರೆ ಸಿರುಗುಪ್ಪದ ಹುಡುಗಿಯರು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ಹೊರಟಿದ್ದರು. ಮರಿಬಸಪ್ಪ, “ನಡೀರಿ, ನಡೀರಿ, ಬಸ್ ಹೋಗತೈತಿ” ಎಂದು ಕುರಿ ಹೊಡೆದಂತೆ ಹೊಡೆಯುತ್ತಿದ್ದರು. ಸೋತ ತಂಡದ ಕ್ಯಾಪ್ಟನ್ ಆಕ್ಷೇಪಣೆ ಹಾಕುವುದಿದ್ದರೆ ಆಟ ಮುಗಿದ ಹದಿನೈದು ನಿಮಿಷದೊಳಗೆ ಸಹಿ ಮಾಡಬೇಕು. ಹನ್ನೆರಡು ಕಳೆದಿತ್ತು.

ಅವನು ಎದ್ದ. ಹಳದಿ ಹಾಳೆಯನ್ನು ಹರಿದುಕೊಂಡು ಮೈದಾನ ದಾಟಿ ಚೈತ್ರಾಳ ಕೈಗೆ ಕೊಟ್ಟ.

“ತಗಳವಾ. ಸೋತೋರ ಹಾಳಿ.”

ಅವಳು ಮುಖ ನೋಡದೆ ಮಡಚಲು ಹೋದಳು. “ಯಾಕ ಬೇಕಣ್ಣಾ ಇದು? ಮನ್ಯಾಗ ಕಟ್ಟು ಹಾಕಿಸಾಕೇನು?”

“ಮಡಚಬ್ಯಾಡ. ಹದಿನೈದನೇ ನಂಬರ್ ನೋಡು. ಆಮ್ಯಾಲೆ ಐದನೇದು ನೋಡು.”

ನೋಡಿದಳು. ಹದಿನೈದರ ಮುಂದೆ ಐದೂ ಮನೆ ತುಂಬಿದ್ದವು. ಐದರ ಮುಂದೆ ಅದೇ ಫೌಲು ಮತ್ತೊಮ್ಮೆ. ಒಂದು ಏಟಿಗೆ ಇಬ್ಬರು ಹೊಡೆದವರು. ಕೆಳಗೆ ಎರಡು ಗೆರೆ, ಎರಡು ಚುಕ್ಕೆಯ ಸಹಿ. ಅವಳು ಅವನನ್ನು ನೋಡಲಿಲ್ಲ, ಮೇಷ್ಟ್ರನ್ನು ಕೇಳಲಿಲ್ಲ. ಚೀಲ ಕೆಳಗೆ ಎಸೆದು ಕುಂಟುತ್ತಲೇ ಮೇಜಿನ ಕಡೆ ಓಡಿದಳು.

“ಬಿಳಿ ಹಾಳಿ ಕೊಡ್ರಿ ಸಾರ್. ಆಕ್ಷೇಪಣೆ ಸಹಿ ಮಾಡ್ತೀನಿ.”

“ಏನು ಆಕ್ಷೇಪಣೆ? ಯಾರು ಹೇಳಿಕೊಟ್ರು ನಿನಗ?” ಚಿದಾನಂದಪ್ಪನ ಪೆನ್ನು ಅರ್ಜಿಯ ಮೇಲೆ ತುದಿಯೂರಿ ನಿಂತಿತ್ತು. ಅವಳು ಹಳದಿ ಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿದಳು. ಅವನು ಹಳದಿಯನ್ನು ನೋಡಿದ, ಬಿಳಿಯನ್ನು ನೋಡಿದ, ಮತ್ತೆ ಹಳದಿಯನ್ನು. ಬಿಳಿಯನ್ನು ಉಗುರಿನಿಂದ ಕೆರೆದ. ಬಳಿದದ್ದು ಹಕ್ಕಳೆಯ ಹಾಗೆ ಎದ್ದಿತು. ಅಷ್ಟರಲ್ಲಿ ಅಂಜನಾ ಬಂದು ಇಣುಕಿದಳು, ಹಿಂದೆ ಮೆಟ್ಟಿಲ ಹುಡುಗರು ಬಂದರು. ಚೈತ್ರಾ ಚನ್ನಬಸವರಾಜನ ಕೈಯಿಂದ ಪೆನ್ನು ಕಿತ್ತುಕೊಂಡು ಸಹಿ ಮಾಡಿಯೇ ಬಿಟ್ಟಳು. ಹದಿನಾಲ್ಕನೇ ನಿಮಿಷ.

ಶಾಮಿಯಾನದಲ್ಲಿ ದೊಡ್ಡಬಸವರಾಜ ಕಾಯನ್ನು ಮತ್ತೆ ಕೆಳಗಿಟ್ಟ. ಈ ಸಲ ಚಿದಾನಂದಪ್ಪನಿಗೆ ಆ ಕಡೆ ತಿರುಗುವ ಧೈರ್ಯ ಬರಲಿಲ್ಲ.

ವಿರೂಪಾಕ್ಷಿ ತನ್ನ ಪೆನ್ನು ತೆಗೆದುಕೊಳ್ಳಲು ಮೇಜಿಗೆ ಬಂದ. ಚಿದಾನಂದಪ್ಪ ಮೊದಲು ಮಾಡಿದ ಕೆಲಸವೆಂದರೆ, ಎಡಗೈಯನ್ನು ಮೈಕಿನ ಮೇಲೆ ಗಟ್ಟಿಯಾಗಿ ಮುಚ್ಚಿದ್ದು. ಮೈಕು ಎಲ್ಲಿದೆ, ತೆರೆದಿದೆಯೋ ಬಂದ್ ಆಗಿದೆಯೋ, ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಆ ಮಾತಾಡಿದಾಗಲೂ ಗೊತ್ತಿತ್ತು.

“ವಿರೂಪಾಕ್ಷಿ, ಒಂದು ಮಾತು ಹೇಳಪ್ಪಾ,” ಅಂದ. ದನಿ ಇಳಿದಿತ್ತು. “‘ನಾನ ತಪ್ಪಿ ಬರದೆ, ಮೊದಲು ಹದಿನೈದು ಅಂತ ಬರದು ಆಮ್ಯಾಲೆ ಸರಿ ಮಾಡಿದೆ’ ಅನ್ನು. ಅಷ್ಟ ಸಾಕು, ಈ ಹುಡುಗಿ ಆಕ್ಷೇಪಣೆ ನಿಲ್ಲಂಗಿಲ್ಲ. ನಿನಗೇನು ಹೋಗತೈತಿ? ಓದದವನು ತಪ್ಪಿದ ಅಂದ್ರ ಯಾರೂ ಏನೂ ಅನ್ನಂಗಿಲ್ಲ. ನೋಡಿಲ್ಲಿ, ಪೆನ್ನು ಇಟ್ಟೀನಿ. ನೀನು ಹೇಳಿದ ಕೂಡ್ಲೆ ಎಳೀತೀನಿ.”

ಅರ್ಜಿಯ ಕೆಳಗಿನ ಖಾಲಿ ಜಾಗದಲ್ಲಿ ಪೆನ್ನಿನ ತುದಿ ಒಂದು ನೀಲಿ ಚುಕ್ಕೆ ಬಿಟ್ಟಿತ್ತು. ಚಿದಾನಂದಪ್ಪನ ಸಹಿಯಲ್ಲಿ ಮೊದಲು ಬೀಳುವ ಚುಕ್ಕೆ. ವಿರೂಪಾಕ್ಷಿ ಅದನ್ನು ನೋಡಿದ. ಮೇಜಿನ ಸುತ್ತ ನಿಂತವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಆಗ ಸ್ಪೀಕರಿನ ಮಾತಿಗೆ ನಕ್ಕವರೂ ಅವರಲ್ಲಿದ್ದರು.

ಅವನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ. ಅರ್ಜಿ ಇದ್ದ ಜಾಗ ಈಗ ಖಾಲಿಯಾಗಿತ್ತು, ಪೆನ್ನು ಸಲೀಸಾಗಿ ಇಳಿಯಿತು. ಅರ್ಜಿಯನ್ನು ಆ ಮನುಷ್ಯನ ಕೈಯಡಿಯಲ್ಲೇ ಬಿಟ್ಟು ತಿರುಗಿದ.

“ಲೇ, ನಿನಗ ಹೇಳಾಕತ್ತೀನಿ... ವಿರೂಪಾಕ್ಷಿ! ನಾಳೆ ಕೊನೇ ದಿನ ಐತಿ ನೋಡಪ್ಪಾ... ತಮ್ಮಾ!”

ಮೈಕಿನ ಮೇಲಿದ್ದ ಕೈ ಯಾವಾಗ ಜಾರಿತ್ತೋ, ಆ ಕೊನೆಯ ‘ತಮ್ಮಾ’ ನಾಲ್ಕೂ ಕಂಬಗಳಿಂದ ಕೇಳಿಸಿತು. ವಿರೂಪಾಕ್ಷಿ ಗೇಟು ದಾಟಿ ಕುರುಗೋಡು ಬಸ್ಸು ಸಿಗುವ ಕಡೆ ನಡೆಯುತ್ತಲೇ ಇದ್ದ.